ನಾಲ್ಕು ಮೈಕು, ಹನ್ನೊಂದು ಜನ

ಕೊನೆಯ ಸಾಲಿನ ಹಿಂದೆ, ಬಾಗಿಲ ಪಕ್ಕ,
ಶಾಲೆಯ ಎರಡು ಬೆಂಚು ಜೋಡಿಸಿ ಇಟ್ಟ ಮಿಕ್ಸರು.
ಇಲ್ಲಿಂದ ರಾಜನ ಮುಖ ಹೆಬ್ಬೆರಳ ಉಗುರಿನಷ್ಟು,
ಉಸಿರು ಮಾತ್ರ ನನ್ನ ಕಿವಿಯೊಳಗೇ.

ಹಾಲಸ್ವಾಮಿ, ಶಿವಮೊಗ್ಗ ಡಿಪೋದ ನಿವೃತ್ತ ಕಂಡಕ್ಟರು.
ಮೂವತ್ತೊಂದು ವರ್ಷ ಹೊಸನಗರದ ರೂಟಿನಲ್ಲಿ
"ಒಳಗೆ ಹೋಗ್ರೀ, ಒಳಗೆ" ಎಂದು ಕೂಗಿದ ಗಂಟಲು
ಮೈಕು ಸಿಕ್ಕಿಸಿದೊಡನೆ ಪಿಸುಗುಟ್ಟುತ್ತದೆ,
ಯಂತ್ರಕ್ಕೆಲ್ಲಿ ನೋವಾದೀತೋ ಎಂಬಂತೆ.
ರಾಣಿ, ನರ್ಸ್ ಲವೀನಾ. ರಾತ್ರಿಪಾಳಿಯ ದನಿಯನ್ನು
ಹಾಗೇ ಸೆರಗಲ್ಲಿ ಸುತ್ತಿ ತಂದವಳು;
ಮಲಗಿದವರು ಏಳಬಾರದು, ಅದೇ ರೂಢಿ.
"ಸಿಸ್ಟರ್, ಇಲ್ಲಿ ಎದ್ದವರು ಮಲಗಬಾರದು" ಅಂದರೆ
ನಗುತ್ತಾಳೆ. ನಕ್ಕಾಗ ಮಾತ್ರ ಮೀಟರು ಕೆಂಪಿಗೆ.

ಇಮ್ತಿಯಾಜನದು ಮದುವೆ ಮೆರವಣಿಗೆಯ ಡ್ರಮ್ಮು.
"ಸ್ವಲ್ಪ ಕಡಿಮೆ" ಅಂದೆ.
"ಕಡಿಮೇನೇ ಬಾರಿಸ್ತಿರೋದು ಅಣ್ಣ" ಅಂದ.
ಮೂಲೆಯಲ್ಲಿ ಕೂರಿಸಿ ಸುತ್ತ ಜಮಖಾನ ಕಟ್ಟಿದರೆ
ತನ್ನ ಸದ್ದು ತನಗೇ ಕೇಳದೆ ಇನ್ನೂ ಜೋರು.
ಅವನು ಜೋರಾದರೆ ಕೀಬೋರ್ಡಿನ ಹುಡುಗ ಒಂದು ಗೆರೆ ಮೇಲೆ,
ಹುಡುಗ ಮೇಲೇರಿದರೆ ಹಾಡುವವರು
"ನಮಗೆ ನಾವೇ ಕೇಳ್ತಿಲ್ಲ ಸಾರ್",
ಅವರ ಕಾಲಬುಡದ ಪೆಟ್ಟಿಗೆಯನ್ನು ನಾನು ಏರಿಸಿದರೆ
ಕೂಂಯ್—
ಮುಂದಿನ ಸಾಲಿನ ಅತಿಥಿಗಳು ಕಿವಿ ಮುಚ್ಚಿ
ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಾರೆ.
ಇಡೀ ಸಂಜೆ ಜನ ಈ ಕಡೆ ತಿರುಗುವುದು
ಅದೊಂದಕ್ಕೇ.

ಬೆವರಿನ ಮಾತೂ ಹೇಳಿಬಿಡಬೇಕು.
ಜರಿಯ ನಿಲುವಂಗಿಯೊಳಗೆ ಸೊಂಟಕ್ಕೆ ಕಟ್ಟಿದ ಪುಟ್ಟ ಯಂತ್ರ
ಎರಡನೇ ಅಂಕಕ್ಕೆ ಮುಳುಗಿ ಸಾಯುತ್ತದೆ. ಉಪಾಯವಿದೆ.
ದುರ್ಗಿಗುಡಿಯ ಮೆಡಿಕಲ್ಸಿನಲ್ಲಿ ದನಿ ತಗ್ಗಿಸಿ
"ನಿರೋಧ್, ನಾಲ್ಕು ಪ್ಯಾಕೆಟ್ಟು, ಜಿಡ್ಡಿಲ್ಲದ್ದು" ಅಂದೆ.
ತಲೆಯೆತ್ತಿದ.
"ನಾಟಕಕ್ಕೆ" ಅಂದೆ.
ಮತ್ತೂ ನೋಡಿದ.

ನಾಲ್ಕು ಮೈಕು, ಹನ್ನೊಂದು ಜನ.
ಮಂತ್ರಿ ಸತ್ತ ಕೂಡಲೇ ಅವನ ಮೈಕು ದೂತನಿಗೆ,
ದೂತ ಓಡಿಹೋದ ಮೇಲೆ ಸಖಿಗೆ.
ಪರದೆಯ ಹಿಂದೆ ನನ್ನ ಮಗಳು ಹಂಸಿನಿ
ಹಲ್ಲಲ್ಲಿ ಟೇಪು ಕಚ್ಚಿಕೊಂಡು
ಸತ್ತವರ ಬೆನ್ನಿಂದ ತಂತಿ ಬಿಡಿಸಿ
ಇನ್ನೂ ಬದುಕಬೇಕಾದವರ ಕೆನ್ನೆಗೆ ಅಂಟಿಸುತ್ತಾಳೆ.

ಮೂರನೇ ಅಂಕ. ರಾಜ್ಯ ಬಿಟ್ಟು ಹೊರಡುವ ರಾಜನ ಹಾಡು.
ಹಾಡಿಗೆ ಮುಂಚೆ ಹೆಡ್‌ಫೋನಿನಲ್ಲಿ
ಅವನೆದೆಯ ಸೀಟಿ. ಬಸ್ಸು ನಿಲ್ಲಿಸುವ ಸೀಟಿಯಲ್ಲ.
ಯಾವ ತಿರುವಿನಲ್ಲೋ ಟಿಕೆಟ್ಟಿಲ್ಲದೆ ಹತ್ತಿದ ಧೂಳು
ಇನ್ನೂ ಇಳಿದಿಲ್ಲ.
ತಾಲೀಮಿನಲ್ಲಿ ಎರಡು ಸಲ ಕೇಳಿದ್ದೆ.
ನಾನು ಹೇಳಿರಲಿಲ್ಲ. ಅವನೂ.

ಒಂದು ಬೆರಳು ಸಾಕು ಇದಕ್ಕೆ.
ಪದಕ್ಕೆ ಏರಿಸು, ಉಸಿರೆಳೆವಾಗ ಇಳಿಸು,
ಏರಿಸು, ಇಳಿಸು,
ನಡುವಿನ ಸಂದಿಗೆ ಅನಸೂಯಾ ಟೀಚರ ಹಾರ್ಮೋನಿಯಂ
ತುಸು ಮುಂದೆ ತಾ, ಬಚ್ಚಲಿಗೆ ಪರದೆ ಎಳೆದ ಹಾಗೆ.
ಎರಡನೇ ಚರಣದ ಹೊತ್ತಿಗೆ
ಅವನ ಎದೆ ನನ್ನ ಬೆರಳಲ್ಲಿತ್ತೋ
ನನ್ನ ಬೆರಳು ಅವನೆದೆಯಲ್ಲಿತ್ತೋ,
ನಾನೂ ಉಸಿರಾಡುವುದು ಅವನು ಆಡಿದಾಗಲೇ.

ಕೊನೆಯ ಸ್ವರ ಹಿಡಿದ. ಹಿಡಿದೇ ಇದ್ದ. ಬಿಟ್ಟ.
ಸೀಟಿ ಬಂತು.
ಇಳಿಸಬೇಕಿತ್ತು. ಬೆರಳು ಇದ್ದಲ್ಲೇ ಇತ್ತು.
ಸಭೆಗೆಲ್ಲ ಕೇಳಿತು, ಹಳೆಯ ಬಟ್ಟೆ
ನಿಧಾನ ಹರಿದಂತೆ.
"ಅಯ್ಯೋ, ಪಾಪ" ಎಂದಳು ಯಾರೋ ಹೆಂಗಸು, ರಾಜನಿಗೆ.
ಆಮೇಲೆ ಚಪ್ಪಾಳೆ.

ಬಣ್ಣ ಒರೆಸಿಕೊಳ್ಳುತ್ತಾ ಬಂದ ಹಾಲಸ್ವಾಮಿ.
"ಕೇಳಿಸ್ತಾ?"
"ಏನು?"
"ಏನಿಲ್ಲ ಬಿಡು."
ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದವರೊಬ್ಬರು ಅಂದರು,
ಎಂಥಾ ಕಂಠ ಮಾರಾಯ,
ಮೈಕೇ ಬೇಕಿರಲಿಲ್ಲ ನೋಡು.

ತಂತಿ ಸುತ್ತತೊಡಗಿದೆ, ಮೊಣಕೈಗಲ್ಲ, ಗಾಳಿಯಲ್ಲಿ, ತಿರುಚದಂತೆ.
ಹಂಸಿನಿ ಎಣಿಸಿ ಪೆಟ್ಟಿಗೆಗೆ ಹಾಕಿದಳು.
ನಾಲ್ಕೂ ಇವೆ, ಅಂದಳು.
ಮುಟ್ಟಿ ನೋಡಿದೆ. ಒಂದಿನ್ನೂ ಬೆಚ್ಚಗಿತ್ತು.