ಜರಡಿಯ ಕಣ್ಣು

ಲೈಸೆನ್ಸು ಬಂತು.
ಹನ್ನೊಂದು ವರ್ಷದ ಸರತಿ. ನನ್ನ ಮುಂದಿದ್ದವರಲ್ಲಿ
ಇಬ್ಬರು ತೀರಿಕೊಂಡರು, ಒಬ್ಬನ ಮಂಡಿ ಹೋಯಿತು,
ನೆಸ್ಟಾ ಕಾರ್ಡಿಫ್‌ನವನನ್ನು ಕಟ್ಟಿಕೊಂಡು ಕಡಲು ಬಿಟ್ಟಳು.
ಲಕೋಟೆಯೊಳಗೆ ನನ್ನದೇ ಮುಖ, ಅಂಚೆಚೀಟಿಯಷ್ಟು,
ಕೆಳಗೆ ನಂಬರು: ಮೂವತ್ತನಾಲ್ಕು.
ಅದರ ಬೆನ್ನಿಗಂಟಿ ಇನ್ನೊಂದು ಕಾಗದ, ತೆಳ್ಳನೆಯದು:
ಮರಳದಿಬ್ಬ ಮುಂದಿನ ಆದೇಶದವರೆಗೆ ಬಂದ್.

ತೆಗ್ವೆನ್ ದೊಡ್ಡಮ್ಮ ಫೋನಿನಲ್ಲಿ ಕೆಮ್ಮಿ ಕೆಮ್ಮಿ ನಕ್ಕಳು:
'ಬೀಗದಕೈ ಕೊಟ್ಟು ಬಾಗಿಲು ಹೊತ್ತೊಯ್ದರು ಅನ್ನು.'

ಕತ್ತೆಗಾಡಿಯ ಕಾಲದವಳು. ನಲವತ್ತು ಚಳಿಗಾಲ
ಈ ಅಳಿವೆಯ ಕೆಸರಿಗೆ ಬೆನ್ನು ಬಗ್ಗಿಸಿ
ಸ್ವಾನ್ಸೀ ಮಾರ್ಕೆಟ್ಟಿಗೆ ಕಾಕಲ್ ಚಿಪ್ಪು ಬೇಯಿಸಿ ಕೊಟ್ಟವಳು.
ಅವಳ ಪರವಾನಗಿ ನನಗೆ ಇಳಿದು ಬರುವಂತಿರಲಿಲ್ಲ.
ಕಡಲು ಯಾರ ಪಿತ್ರಾರ್ಜಿತವೂ ಅಲ್ಲ ಎಂದಿತ್ತು ಕಚೇರಿ.
ಬಂದದ್ದು ಕುಂಟೆ, ಮತ್ತೆ ಈ ಜರಡಿ.

ಶುಕ್ರವಾರ ಅಧಿಕಾರಿ ಇದ್ವಾಲ್ ಕರೆದ:
ಐದೂ ನಲವತ್ತಕ್ಕೆ ಇಳಿತ. ಲೈಸೆನ್ಸಿದ್ದವರು ಬರಬಹುದು,
ಆಯುವುದಕ್ಕಲ್ಲ,
ಎಣಿಸುವುದಕ್ಕೆ.

ನೀರು ಹಿಂದೆ ಸರಿದಿತ್ತು, ಸಾಲ ಕೇಳಲು ಬಂದವನನ್ನು ಕಂಡವರ ಹಾಗೆ.
ರಾತ್ರಿ ಯಾರೋ ಬಂದುಹೋದ ಟೈರಿನ ಗುರುತು.
ಇಬ್ಬರೂ ನೋಡಿದೆವು. ಅವನು ಫೋಟೋ ತೆಗೆದ.
ನಾನು ಆ ಟೈರನ್ನು ಬಲ್ಲೆ. ಸುಮ್ಮನಿದ್ದೆ.

ಕಬ್ಬಿಣದ ಚೌಕ ಎಸೆಯಬೇಕು, ಬಿದ್ದಲ್ಲಿ ಕೆರೆಯಬೇಕು.
ಬಾಯಿಬಿಟ್ಟು ಸತ್ತವು ಏಳು.
ದೊಡ್ಡವು ನಾಲ್ಕು, ಬೆನ್ನ ಮೇಲೆ ಚಳಿಗಾಲಕ್ಕೊಂದು ಗೆರೆ.
ಮತ್ತೆ ಕೆಳಗೆ, ಕಿರುಬೆರಳಿನ ಉಗುರಿನಷ್ಟು,
ಒಂದೇ ಗೆರೆ ಎಳೆದುಕೊಂಡವು,
ಇನ್ನೂರ ಹನ್ನೆರಡು.
ಎರಡು ಸಲ ಎಣಿಸಿದೆ. ಇದ್ವಾಲ್ ಮೂರನೇ ಸಲ.

ಮನೆಯಲ್ಲಿ ಹಿಟ್ಟು ಜರಡಿ ಹಿಡಿದರೆ
ಕೆಳಗೆ ಬಿದ್ದದ್ದು ನಮ್ಮದು.
ಇಲ್ಲಿ ಬಿದ್ದದ್ದು ಕಡಲಿನದು.
ಇಷ್ಟನ್ನು ಕಲಿಯಲು ನನಗೆ ಹನ್ನೊಂದು ವರ್ಷ ಬೇಕಿರಲಿಲ್ಲ,
ಮೊದಲ ದಿನವೇ ದೊಡ್ಡಮ್ಮ ಕೈಮೇಲೆ ಹೊಡೆದು ಕಲಿಸಿದ್ದಳು.

ಕೊನೆಯ ಚೌಕದಲ್ಲಿ ಒಂದು, ಎರಡು ಗೆರೆಯದು,
ಜರಡಿಯ ಕಣ್ಣಿಗೆ ಸಿಕ್ಕಿ ನಿಂತಿತು.
ಅಲುಗಿಸಿದೆ. ಬೀಳದು. ಮೇಲೆಯೂ ಉಳಿಯದು.
ಇದ್ವಾಲ್ ದೂರದ ಹಕ್ಕಿಗಳ ಕಡೆ ನೋಡುತ್ತ ನಿಂತ,
ಬೇಕಂತಲೇ ಇರಬೇಕು.
ಹೆಬ್ಬೆರಳಿಟ್ಟು ಒತ್ತಿದೆ.
ಟಪ್ ಎಂದು ನೀರಿಗೆ ಬಿತ್ತು, ಸುತ್ತ ಸಣ್ಣ ಬಳೆಯಷ್ಟು ಅಲೆ.

ಬೆಳಕು ಕೆಂಪಾಗುವ ಹೊತ್ತಿಗೆ ನೀರು ಬೂಟಿನ ಹಿಮ್ಮಡಿ ಮುಟ್ಟಿತು.
ಒದ್ದೆ ಪುಸ್ತಕದಲ್ಲಿ ಪೆನ್ನು ಹಿಡಿಯಲಿಲ್ಲ. ಪೆನ್ಸಿಲ್ಲಿನಿಂದ
ನಂಬರು ಮೂವತ್ತನಾಲ್ಕು ಎಂದು ಬರೆದ,
ತೂಕದ ಜಾಗದಲ್ಲಿ ದುಂಡಗೆ ಸೊನ್ನೆ ಸುತ್ತಿದ,
ಮುಂದೆ ನನ್ನ ಸಹಿ ಕೇಳಿದ.

ಮಾಡಿದೆ. ಪೂರ್ತಿ ಹೆಸರು,
ಅಪ್ಪನ ಮನೆಯ ಹೆಸರೂ ಸೇರಿಸಿ.