ಮುಂದಿನ ಗಾಲಿ

ಬಾದಾಮಿ ಬಿಡುವಾಗ ಅಗಸ್ತ್ಯ ತೀರ್ಥದ ಮೆಟ್ಟಲ ಮ್ಯಾಲೆ
ಇಬ್ಬರೇ ಅರಿವಿ ಒಗಿಯಾಕತ್ತಿದ್ರು.
ಒಬ್ಬಾಕಿ ಎತ್ತಿ ಬಡಿದ ಸಪ್ಪಳ ಕೆಂಪು ಬಂಡಿಗೆ ತಾಗಿ
ಇನ್ನೊಬ್ಬಾಕಿ ಕೈಯಾಗ ಬಿತ್ತು.
ಟಾಯರು ಒತ್ತಿ ನೋಡಿದೆ. ಹೊಂಟೆ.

ಈ ಸುತ್ತು ನನಗ ಬಾಯಿಪಾಠ.
ಹದಿನಾರರಿಂದ ಇಪ್ಪತ್ತೊಂದರ ತನಕ, ವಾರಕ್ಕ ಮೂರು ಸಲ
ಬನಶಂಕರಿ, ಪಟ್ಟದಕಲ್ಲು, ಐಹೊಳಿ, ಅಮೀನಗಡ,
ಕಮತಗಿ, ಗುಳೇದಗುಡ್ಡ, ತಿರುಗಿ ಬಾದಾಮಿ.
ಕೊಣ್ಣೂರ ಸರ್ ಹಿಂದ ಲೂನಾ ಮ್ಯಾಲೆ, ಕೊರಳಾಗ ಸ್ಟಾಪ್‌ವಾಚು:
"ಗುಡಿ ಗಿಡಿ ಆಮ್ಯಾಲೆ. ಮುಂದಿನ ಗಾಲಿ ನೋಡ್ರಿ."

ಮುಂದಿನ ಗಾಲಿ ನೀಲಗಂಗಾಂದು.
ಒಂದು ಗೇಣು ಬಿಟ್ಟು ನಂದು.
ಐದು ವರ್ಷ ನಾ ಕಂಡ ಸೀಮಿ ಅಂದ್ರ
ಆಕಿ ಟಾಯರಿನ ಆಚೀಚೆ ಓಡಿದ ಬಣ್ಣ:
ಹಸರು ಗೋವಿನಜೋಳ, ಕಪ್ಪು ಎರಿ ಹೊಲ,
ನೀರಿನ ವಾಸನಿ ಬಂತಂದ್ರ ಮಲಪ್ರಭಾ.

ಈಗ ನಲವತ್ತಮೂರು. ರೈಲಿನಾಗ ಟಿಕೀಟು ತಪಾಸೋ ನೌಕರಿ,
ಒಂದಿನ ರಜಾ.
ಮುಂದ ಗಾಲಿ ಇಲ್ಲ.

ಬನಶಂಕರಿಯೊಳಗ ರೊಟ್ಟಿ ಬುಟ್ಟಿಯಾಕಿ ಕರದ್ಲು:
"ಉಂಡು ಹೋಗವ್ವಾ, ಗಂಡಸರ ಚಡ್ಡಿ ಹಾಕ್ಕೊಂಡು ಎತ್ತಾಗ ಹೊಂಟಿ?"
ಹೊಂಡದ ಕಟ್ಟಿ ಮ್ಯಾಲೆ ಕಟಿರೊಟ್ಟಿ ಮುರದೆ,
ಗುರೆಳ್ಳು ಚಟ್ನಿ, ಗಡಿಗಿ ಮೊಸರು.
"ಎಲ್ಲೂ ಇಲ್ಲಬೇ, ಸುತ್ತಿ ಇಲ್ಲೇ ಬರ್ತೀನಿ."
ನನ್ನ ಮೊಣಕಾಲಿನ ಹಳೇ ಕಲಿ ನೋಡಿ
ಕೇಳದನ ಇನ್ನೊಂದು ರೊಟ್ಟಿ ಹಾಕಿದ್ಲು.

ಪಟ್ಟದಕಲ್ಲಿನ್ಯಾಗ ಹೊಳಿ ಉತ್ತರಕ್ಕ ಹೊರಳತೈತಿ.
ಅದು ಗೊತ್ತಿತ್ತು. ಅಲ್ಲೇ ಎಡಗಡೆ ಗಾಳಿ ಹೊಡಿತಿತ್ತು,
ನೀಲಗಂಗಾ ಎಡಕ್ಕ ಸರದು ನನಗ ಮರಿಯಾಗತಿದ್ಲು.
ಗುಡಿ ಗೊತ್ತಿರಲಿಲ್ಲ.
ಸೈಕಲ್ ಬೇಲಿಗೆ ಒರಗಿಸಿ ಒಳಗ ನಡದೆ:
ಒಂದರ ಶಿಖರ ಹಿಂಗ, ಪಕ್ಕದ್ದು ಹಂಗ,
ಒಂದ ಅಂಗಳದಾಗ ಎರಡು ಸೀಮಿ ಮಾತು,
ಜಗಳ ಇಲ್ಲ.

ಐಹೊಳಿಯೊಳಗ ಮಾಸ್ತರರೊಬ್ಬರು ಹುಡುಗರಿಗೆ ಅಂತಿದ್ರು,
"ಇಲ್ಲಿ ಕಲಿತರು, ಅಲ್ಲಿ ಕಟ್ಟಿದರು."
ಆನಿ ಬೆನ್ನಿನ ಗುಡಿ ಹಿಂದ ನೆಳ್ಳಿಗೆ ಕುಂತೆ.
ಹತ್ತಿರದ ಒಂದು ಕಂಬ ಅರ್ಧಕ್ಕ ನಿಂತೈತಿ,
ಹೂವಿನ ಗೆರಿ ಹೊಡದಾರ, ಹೂವು ಎಬ್ಬಿಸಿಲ್ಲ.
ಯಾವ ಕಾಲದ್ದೋ ಒಬ್ಬ ಕೊಣ್ಣೂರ ಸರ್ ಒದರಿದ್ದು ಕೇಳಿಸ್ತು:
"ಕೈ ಹಗುರ ಬಿಡೋ! ಮುಂದಿನವನ ಉಳಿ ನೋಡು!"
ಜೋರಾಗೇ ನಕ್ಕೆ. ಹುಡುಗರು ತಿರುಗಿ ನೋಡಿದ್ರು.

ಅಮೀನಗಡದ ಹತ್ರ ಜಾಲಿ ಮುಳ್ಳು.
ರಾಜೇಸಾಬ ಟ್ಯೂಬು ನೀರಾಗ ಅದ್ದಿ, ಗುಳ್ಳಿ ಏಳೋದು ಕಾಯ್ಕೋತ,
"ನೀವು ಇಬ್ರು ಇರ್ತಿದ್ರಿ ಅಲ್ಲ? ಮುಂದಿನಾಕಿ ಎಲ್ಲಿ?"

ಒಂದು ಸಲ ಮುಂದ ಹಾದಿದ್ದೆ ಚಾಚಾ, ಆಯ್ಕಿ ದಿನ,
ಕೊನೀ ನೂರು ಮೀಟರು.
ಇಡೀ ದಾರಿ ಆಕಿ ಗಾಳಿ ಕಡದಿದ್ಲು,
ನಾ ಆಕಿ ಬೆನ್ನಿಂದ ಹೊರಗ ಬಂದೆ, ಅಷ್ಟ.
ನೌಕರಿ ಒಂದ ಇತ್ತು.
ಇದ್ಯಾವದೂ ಹೇಳಲಿಲ್ಲ. ಇಪ್ಪತ್ತು ರೂಪಾಯಿ ಕೊಟ್ಟು
ಎರಡು ಪಾಕೀಟು ಕರದಂಟು ತಗೊಂಡೆ.
ಎರಡು ಯಾಕಂತ ಕಮತಗಿ ದಾಟೋತನಕ ಯೋಚಿಸಲಿಲ್ಲ.

ಗುಳೇದಗುಡ್ಡಕ್ಕ ಬಂದಾಗ ಬಿಸಲು ಕುಬಸದ ಅಂಚಿನಷ್ಟು ಉಳದಿತ್ತು.
ಓಣಿಗೊಂದು ಮಗ್ಗ, ಸಂಜೀ ಪಾಳಿ, ಲಾಳಿ ಓಡಾಡೋ ಸಪ್ಪಳ.
ಇಳದು ದೂಡಿಕೋತ ನಡದೆ.
ಮೂರನೇ ಓಣಿ, ನಾಕನೇ ಮನಿ, ಒಳಗ ಕುಣಿಮಗ್ಗ.
ತುಳಿಯೋ ಕಾಲು ನನಗ ಗೊತ್ತು:
ಎಡಗಾಲು ಒಂದು ಕೂದಲೆಳಿ ಜೋರು.
ಐದು ವರ್ಷ ಹಿಂದಿಂದ ನೋಡೀನಿ.

ಬಾಗಲಕ್ಕ ಒಂದು ಗೇಣು ಬಿಟ್ಟು ನಿಂತೆ.
ಮಗ್ಗ ನಿಂತಿತು.
"ಚೈನು ಒಣಗೇತಿ ನಿಂದು,"
ಕತ್ತಲಿಂದ ಧ್ವನಿ, "ಓಣಿ ತಿರುವಿನಾಗ ಕೇಳಿಸ್ತು."

ಮಗ್ಗಕ್ಕ ಬಿಡೋ ಎಣ್ಣಿ ಡಬ್ಬಿ ಹಿಡಕೊಂಡು
ಹೊರಗ ಬಂದ್ಲು.
ನನ್ನ ಮಾರಿ ನೋಡಲಿಲ್ಲ.
ಕುಕ್ಕರಗಾಲಿಲೆ ಕುಂತು ಪೆಡಲು ಹಿಂದಕ್ಕ ತಿರುವಿದ್ಲು,
ಒಂದೊಂದು ಕೊಂಡಿಗೂ ಒಂದೊಂದು ಹನಿ.