ಕೇರುವ ಸದ್ದು

ತಮಾಲೆಯ ದೊಡ್ಡಾಸ್ಪತ್ರೆಯಲ್ಲಿ ನಾನು ಗಾಲಿಮಂಚ ತಳ್ಳುವವನು.
ಕಾಗದದ ಮೇಲೆ ಇಷ್ಟೇ ಕೆಲಸ.
ಸಮುದ್ರದ ಕಡೆಯಿಂದ ವೈದ್ಯ ಕಲಿಯಲು ಬಂದ ಹುಡುಗರಿಗೆ
ನಮ್ಮ ದಗ್ಬಾನಿ ಬಾರದು,
ನಮ್ಮ ಮುದುಕಿಯರಿಗೆ ಅವರ ಇಂಗ್ಲಿಷು ಬೇಕಿಲ್ಲ.
ಹಾಗಾಗಿ ಮಂಚ ತಳ್ಳುತ್ತ ತಳ್ಳುತ್ತ
ಮಾತನ್ನೂ ಆಚೆಯಿಂದೀಚೆಗೆ ತಳ್ಳುತ್ತೇನೆ.
ಅದಕ್ಕೆ ಸಂಬಳವಿಲ್ಲ.

"ಎದೆಯೊಳಗೆ ಯಾರೋ ಎದ್ದು ಓಡಾಡುತ್ತಾರೆ" ಅಂದಳು ಸಮಾತಾ.
"ಎದೆಬಡಿತ ಜೋರು" ಅಂದೆ ನಾನು.
ಬರೆದುಕೊಂಡರು.
ಯಾರು ಓಡಾಡುತ್ತಾರೆ ಅಂತ
ಯಾರೂ ಕೇಳಲಿಲ್ಲ.

ಹರ್ಮಟಾನ್ ಬೀಸುವ ತಿಂಗಳು.
ಕಿಟಕಿಯ ಸರಳು, ಸಲೈನಿನ ಬಾಟಲಿ, ಹುಬ್ಬು,
ಎಲ್ಲಕ್ಕೂ ಒಂದೇ ಬಣ್ಣ.
ಹೊರಗೆ ಬೇವಿನ ಮರದಡಿ ಚಾಪೆಗೊಂದು ಊರು:
ಯೆಂಡಿ, ಕರಾಗಾ, ಗಡಿಯಾಚೆ ಟೋಗೋದ ಯಾವುದೋ ಹಳ್ಳಿ.
ಒಳಗೆ ಒಬ್ಬರು ಮಲಗಿದರೆ ಹೊರಗೆ ಒಂಬತ್ತು ಜನ.
ಅಣ್ಣನಿಗೆಂದು ಒಬ್ಬ ರಕ್ತ ಕೊಟ್ಟು ತೋಳು ಮಡಚಿ ಕೂತ;
ಹರಿದದ್ದು ಯಾರದೋ ಸೊಸೆಯ ಬಾಣಂತಿ ಮೈಗೆ.
ಗೊತ್ತಾದ ಮೇಲೂ ಜಗಳವಾಗಲಿಲ್ಲ.
ಅವಳ ಮಾವ ಶುಂಠಿ ಹಾಕಿದ ಸಜ್ಜೆಗಂಜಿ ತಂದುಕೊಟ್ಟ.
ಇಬ್ಬರೂ ಒಂದೇ ಸೋರೆಬುರುಡೆಯಲ್ಲಿ ಕುಡಿದರು.

ಹದಿನಾಲ್ಕನೇ ಮಂಚಕ್ಕೆ ಮಾತ್ರ ದಿನವೂ ಸಾಲು.
ಸಮಾತಾಳ ಎದೆಯಲ್ಲಿ ಒಂದು ಬಾಗಿಲು ಸರಿಯಾಗಿ ಮುಚ್ಚದಂತೆ,
ಚಿಕ್ಕಂದಿನ ಗಂಟಲುಜ್ವರ ಬಿಟ್ಟುಹೋದ ಸೊಟ್ಟ.
ಹದಿನೆಂಟು ಜನ, ಹದಿನೆಂಟು ತಣ್ಣನೆಯ ಬಿಲ್ಲೆ.
ಎರಡು ದಿನ ಗೋಡೆಗೆ ಮುಖ ಮಾಡಿಕೊಂಡಳು.
ಮೂರನೇ ದಿನ ನನ್ನ ಕರೆದು,
"ಮೊದಲು ಕೈ ಉಜ್ಜಿಕೊಳ್ಳಲಿ. ದಾಸಿಬಾ ಅನ್ನಲಿ.
ಎದೆ ಆಮೇಲೆ."
ಇದೊಂದನ್ನು ಅಕ್ಷರ ಬಿಡದೆ ತಳ್ಳಿದೆ.
ಮಾರನೆಯ ಬೆಳಿಗ್ಗೆ ಹದಿನೆಂಟು ತಪ್ಪು ಉಚ್ಚಾರದ ನಮಸ್ಕಾರ.
"ನಾ" ಅಂದಳು, ಒಬ್ಬೊಬ್ಬರಿಗೂ, ರಾಣಿಯ ಹಾಗೆ.

ಎಲ್ಲರೂ ಕೇಳಿಸಿತು ಕೇಳಿಸಿತು ಎಂದು ತಲೆದೂಗಿದರು.
ಕೇಳಿಸಲಿಲ್ಲ ಎಂದವಳು ಜೀಫಾ ಒಬ್ಬಳೇ.
ದೊಡ್ಡ ಡಾಕ್ಟರ್ ಬವಾ ಕನ್ನಡಕ ಒರೆಸುತ್ತ ನಿಂತರು,
ಒರೆಸುವುದು ಮುಗಿಯಲೇ ಇಲ್ಲ.
ಸಮಾತಾ ಕೈ ಚಾಚಿದಳು: "ಆ ಕೊಳವೆ ಕೊಡು.
ನನ್ನದನ್ನು ನಾನು ಕೇಳಿಲ್ಲವಲ್ಲ."

ಕಿವಿಗೆ ಸಿಕ್ಕಿಸಿದರು.
ಬಹಳ ಹೊತ್ತು.
ಪಕ್ಕದ ಮಂಚದ ಕೆಮ್ಮು ಕೂಡ ಕಾಯಿತು.

"ಇಬ್ಬರು ಕುಟ್ಟುತ್ತಿದ್ದಾರೆ. ಒಂದೇ ಒರಳು, ಎರಡು ಒನಕೆ.
ಒಂದೇಟಿಗೂ ಇನ್ನೊಂದೇಟಿಗೂ ನಡುವೆ
ಮೂರನೆಯವಳು ಮೊರದಲ್ಲಿ ಕೇರುತ್ತಿದ್ದಾಳೆ.
ಒನಕೆ ಬಿಡು, ಹುಡುಗಿ. ಅವಳನ್ನು ಕೇಳು."

ಜೀಫಾ ಕೈ ಉಜ್ಜಿಕೊಂಡು ಮತ್ತೆ ಬಾಗಿದಳು.
ಅವಳ ಹುಬ್ಬಿನ ಗಂಟು ಬಿಚ್ಚಿದ್ದು ನನಗೆ ಕಂಡಿತು.
ಬವಾ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಬಾಗಿಲು ಹೊಲಿಯುವವರು ದಕ್ಷಿಣದಲ್ಲಿದ್ದಾರೆ,
ಹನ್ನೆರಡು ಗಂಟೆಯ ಬಸ್ಸು,
ಮನೆತನವೆಲ್ಲ ಕೂಡಿಸಿದರೂ ಹುಟ್ಟದ ಹಣ.
ನಮ್ಮಲ್ಲಿದ್ದದ್ದು ಮಾತ್ರೆ.
ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.
ಒಂದು ಮಳೆಗಾಲ ಕಂಡಳಂತೆ. ಎರಡನೆಯದನ್ನಿಲ್ಲ.
ಆಸ್ಪತ್ರೆಯ ಬಗ್ಗೆ ಹೇಳುವಾಗ
ಇದನ್ನು ನುಂಗಿಕೊಳ್ಳಬಾರದು.

ನಿನ್ನೆ ಗುಶೇಗುವಿನಿಂದ ಗಾಡಿ ಬಂತು.
ಏಳು ವರ್ಷದ ವುನ್ನಾಮ್, ಕೈಯಲ್ಲಿ ಅರ್ಧ ಮಾವಿನಹಣ್ಣು.
ಅಲ್ಲಿನ ಸಣ್ಣ ದವಾಖಾನೆಯಲ್ಲಿ ಈಗ ಜೀಫಾ ಇದ್ದಾಳೆ.
ಅವಳ ಚೀಟಿಯಲ್ಲಿ ನನಗೆ ಓದಲು ಬಾರದ ದೊಡ್ಡ ಪದಗಳು,
ಕೆಳಗೆ, ದಗ್ಬಾನಿಯಲ್ಲಿ, ಕಾಗುಣಿತ ತಪ್ಪಿ:
"ಕೇರುವ ಸದ್ದು. ಇನ್ನೂ ಮೆಲ್ಲಗಿದೆ."
ಮೆಲ್ಲಗಿದ್ದರೆ ತಿಂಗಳಿಗೊಂದು ಸೂಜಿ ಸಾಕಾಗಬಹುದು, ಅಂದರು ಬವಾ.
ಸಾಕಾಗಬಹುದು. ಅಷ್ಟೇ ಅಂದದ್ದು.

ಹೊಸ ಹುಡುಗರ ಗುಂಪು ಸುತ್ತ ನಿಂತಿತು,
ಕೊರಳಲ್ಲಿ ತಣ್ಣನೆಯ ಬಿಲ್ಲೆಗಳು.
ವುನ್ನಾಮ್ ಬಾಯಿ ತುಂಬ ಮಾವು, ಏನೂ ಹೇಳಿರಲಿಲ್ಲ.
ಆದರೂ ನಾನು ಅನುವಾದಿಸಿದೆ:
"ಮೊದಲು ಕೈ ಉಜ್ಜಿಕೊಳ್ಳಬೇಕಂತೆ."